ಬೀರುವಿನ ಬಟ್ಟೆ, ಪೇಟೆಯ ಅರಳೆ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಅಲಂಕಾರಿಕ ದಿಂಬು ಹೊಲಿಯುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಲ್ಲಿ ಬೀರು ತೆಗೆದರೆ ಬಟ್ಟೆಗೆ ಬರವಿರುವುದಿಲ್ಲ. ಸೀಮಂತಕ್ಕೆ, ಗೃಹಪ್ರವೇಶಕ್ಕೆ, ಶ್ರಾವಣದ ಅರಿಶಿನ ಕುಂಕುಮಕ್ಕೆ ಹೋದಾಗ ಉಡಿಗೆ ಬಿದ್ದ ರವಿಕೆ ಕಣಗಳು, ಹೊಲಿಸಿಕೊಳ್ಳುವ ಮನಸ್ಸೂ ಬಾರದೆ, ಇನ್ನೊಬ್ಬರ ಉಡಿಗೆ ದಾಟಿಸುವ ಸರದಿಯೂ ಬಾರದೆ, ವರ್ಷಗಟ್ಟಲೆ ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ಕೆಳಗೆ ಉಡಲು ಮೆತ್ತಗಾಗಿ ಹೋದ, ಬಿಸಾಡಲು ಮನಸ್ಸಾಗದ ನಾಲ್ಕಾರು ಹತ್ತಿ ಸೀರೆಗಳಂತೂ ಇದ್ದೇ ಇರುತ್ತವೆ. ಹೀಗಿರುವಾಗ ಸೋಫಾ ಅಥವಾ ದಿವಾನದ ಮೇಲಿಡುವ ನಾಲ್ಕು ದಿಂಬುಗಳಿಗಾಗಿ ಅಂಗಡಿಯಲ್ಲಿ ಹೊಸ ಬಟ್ಟೆ ಕೊಳ್ಳುವುದು ನನ್ನ ಮಟ್ಟಿಗೆ ದಂಡದ ಖರ್ಚು. ದಿಂಬು ನೋಡಲು ಚೆನ್ನಾಗಿರುವುದು ಹೊರಗಿನ ಬಟ್ಟೆಯಿಂದ ಎಂದು ಬಹಳ ಜನ ತಿಳಿದಿದ್ದಾರೆ; ಐದಾರು ವರ್ಷ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಮೇಲೆ ನಾನು ಕಂಡುಕೊಂಡದ್ದೆಂದರೆ, ಅದು ಚೆನ್ನಾಗಿ ಕಾಣುವುದು ಒಳಗೆ ತುಂಬಿದ್ದರಿಂದ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಒಳಗಿನದಕ್ಕೆ ಇಟ್ಟು, ಹೊರಗಿನದನ್ನು ಮನೆಯಲ್ಲೇ ಹುಡುಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಅಳತೆ

ಹೊಲಿಗೆಗೆ ಕೂರುವ ಮುನ್ನ ದಿಂಬು ಎಲ್ಲಿ ಕೂರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಸಾಮಾನ್ಯ ಸೋಫಾಕ್ಕೂ ದಿವಾನಕ್ಕೂ 16 ಇಂಚಿನ ಚೌಕ ದಿಂಬು ಹೊಂದುತ್ತದೆ. ಮರದ ಹಳೆಯ ಕುರ್ಚಿಯ ಬೆನ್ನಿಗೆ 12 ಇಂಚು ಸಾಕು. 18 ಇಂಚಿನದು ದೊಡ್ಡ ಸೋಫಾದ ಮೂಲೆಗೆ ಚೆಂದವೇ ಆದರೂ ಅದಕ್ಕೆ ತುಂಬುವ ಸಾಮಗ್ರಿ 16 ಇಂಚಿನದಕ್ಕಿಂತ ಕಾಲು ಪಾಲಿಗೂ ಹೆಚ್ಚು ಬೇಕಾಗುತ್ತದೆ, ಅಲ್ಲದೆ ಒಂದು ರವಿಕೆ ಕಣದಲ್ಲಿ ಅದರ ಎದುರು ಮತ್ತು ಹಿಂಬದಿ ಎರಡೂ ಸಿಗುವುದಿಲ್ಲ. ಆದ್ದರಿಂದ ಮೊದಲ ಸಲ ಹೊಲಿಯುವವರು 16 ಇಂಚಿಗೇ ನಿಲ್ಲುವುದು ಲೇಸು. ಮುಂದಿನ ಲೆಕ್ಕಗಳೆಲ್ಲ ಅದೇ ಅಳತೆಯವು.

ಪ್ರತಿ ದಿಂಬಿಗೂ ಎರಡು ಪದರ ಇರುತ್ತವೆ. ಅರಳೆಯನ್ನೋ ಪಾಲಿಯೆಸ್ಟರ್ ಫೈಬರನ್ನೋ ತುಂಬಿ ಬಾಯಿ ಹೊಲಿದ ಒಳಚೀಲ ಒಂದು. ಅದರ ಮೇಲೆ ತೊಡಿಸಿ ಬಿಚ್ಚಿ ಒಗೆಯಬಹುದಾದ ಗವಸು ಇನ್ನೊಂದು. ಖರ್ಚು ಉಳಿಸಲು ಹೋಗಿ ಒಳಚೀಲವನ್ನು ಬಿಟ್ಟು ನೇರವಾಗಿ ಗವಸಿಗೇ ತುಂಬಿ ಹೊಲಿಯಬಾರದು. ನಾನು ಹೊಲಿದ ಮೊದಲ ಜೋಡಿ ಹಾಗೆಯೇ ಇತ್ತು. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿಯೊಂದಿಗೆ ಬರುವ ಕೆಮ್ಮಣ್ಣಿನ ಧೂಳು ತಿಂಗಳೊಪ್ಪತ್ತಿನಲ್ಲಿ ಅದರ ಬಣ್ಣವನ್ನೇ ಬದಲಾಯಿಸಿತು; ಒಗೆಯೋಣವೆಂದರೆ ಒಳಗಿದ್ದದ್ದು ಹತ್ತಿ. ನೀರು ಕುಡಿದ ಆ ದಿಂಬು ಮೂರು ದಿನ ಮಾಳಿಗೆಯ ಮೇಲೆ ಒಣಗಿ, ಕೊನೆಗೆ ಆಲೂಗಡ್ಡೆ ಮೂಟೆಯಂತೆ ಗಂಟುಗಂಟಾಗಿ ಕೆಳಗಿಳಿಯಿತು.

ಬಟ್ಟೆ ಆರಿಸುವುದು

ರವಿಕೆ ಕಣದಿಂದ ಆರಂಭಿಸೋಣ. ಸಾಮಾನ್ಯವಾಗಿ ಸಿಗುವ ಕಣ 80 ಸೆಂಟಿಮೀಟರ್ ಉದ್ದ, ಅಂದರೆ ಸುಮಾರು ಮೂವತ್ತೊಂದೂವರೆ ಇಂಚು, ಹಾಗೂ 36 ಇಂಚು ಪನ್ನ ಇರುತ್ತದೆ. ಇದನ್ನು ನೆಲದ ಮೇಲೆ ಹಾಸಿ, 36 ಇಂಚಿನ ಬದಿ ಉದ್ದಕ್ಕೆ ಬರುವಂತೆ ಇಟ್ಟುಕೊಂಡು, ಒಂದು ಪಕ್ಕಕ್ಕೆ, ಹೊಲಿಗೆಗೆ ಸುತ್ತಲೂ ಅರ್ಧರ್ಧ ಇಂಚು ಸೇರಿಸಿ, 17 ಇಂಚಿನ ಚೌಕಗಳನ್ನು ಒಂದರ ಕೆಳಗೊಂದರಂತೆ ಎರಡು ಗುರುತು ಮಾಡಿದರೆ 34 ಇಂಚಾಗುತ್ತದೆ. ಉಳಿದ ಪಕ್ಕದಲ್ಲಿ 12 ಇಂಚು ಅಗಲ, 17 ಇಂಚು ಉದ್ದದ ಎರಡು ತುಂಡುಗಳು ಬರುತ್ತವೆ. ಹೀಗೆ ಒಂದೇ ಕಣದಲ್ಲಿ ಒಂದು ಗವಸಿಗೆ ಬೇಕಾದ ಎದುರು ತುಂಡು, ನಡುವೆ ಒಂದರ ಮೇಲೊಂದು ಬರುವ ಹಿಂಬದಿಯ ಎರಡು ತುಂಡು, ಜೊತೆಗೆ ಇನ್ನೊಂದು ಗವಸಿನ ಎದುರು ತುಂಡು ದೊರೆಯುತ್ತವೆ. ಆ ಎರಡನೆಯದಕ್ಕೆ ಹಿಂಬದಿಯನ್ನು ಹಳೆಯ ಲುಂಗಿಯಲ್ಲೋ ಬೆಡ್‌ಶೀಟಿನಲ್ಲೋ ಕತ್ತರಿಸಿಕೊಳ್ಳಬಹುದು. ಗೋಡೆಯ ಕಡೆ ತಿರುಗುವ ಭಾಗವನ್ನು ಯಾರೂ ನೋಡುವುದಿಲ್ಲ.

ಹತ್ತಿ ಸೀರೆಯ ಲೆಕ್ಕ ಇದಕ್ಕಿಂತಲೂ ಲಾಭದಾಯಕವಾದದ್ದು. ಸೀರೆಯ ಪನ್ನ ಸುಮಾರು 45 ಇಂಚು. ಅದರ ಅಡ್ಡಕ್ಕೆ 17, 12, 12 ಇಂಚಿನ ಮೂರು ತುಂಡುಗಳು ಸಾಲಾಗಿ ಕೂತು 41 ಇಂಚಾಗುವುದರಿಂದ, ಉದ್ದದಲ್ಲಿ 17 ಇಂಚು ಕತ್ತರಿಸಿದರೆ ಒಂದು ಪೂರ್ಣ ಗವಸು ಬಂದಂತೆಯೇ. ಐದೂವರೆ ಮೀಟರ್ ಸೀರೆಗೆ ಕಾಗದದ ಮೇಲೆ ಹನ್ನೆರಡು ಗವಸು ಬರುತ್ತವೆಯಾದರೂ ಉಟ್ಟು ಸವೆದ ಸೀರೆಯಿಂದ ಅಷ್ಟನ್ನು ನಿರೀಕ್ಷಿಸಬಾರದು. ನೆರಿಗೆ ಸಿಕ್ಕಿಸುವ ಜಾಗ, ಹಿಮ್ಮಡಿಗೆ ತಾಗುವ ಕೆಳ ಅಂಚು, ಸೆರಗಿಗೆ ಪಿನ್ನು ಚುಚ್ಚುವ ಜಾಗ ಇವು ಮೊದಲು ಸೋಲುತ್ತವೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಳೆ ತೆಳುವಾದ ಕಡೆಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಬಿಗಿಯಾಗಿ ಎಳೆದು ನೋಡಬೇಕು. ಚರ್ ಎಂದರೆ ಆ ಭಾಗವನ್ನು ಬಿಡಬೇಕು. ಐದಾರು ಗವಸು ಸಿಕ್ಕರೆ ಸೀರೆಯ ಋಣ ತೀರಿತು ಎಂದುಕೊಳ್ಳಬಹುದು.

ರೇಷ್ಮೆಯ ವಿಷಯದಲ್ಲಿ ಮಾತ್ರ ಕತ್ತರಿ ಎತ್ತುವ ಮೊದಲು ಎರಡು ಸಲ ಯೋಚಿಸಬೇಕು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನೇಯ್ಗೆ. ಅಜ್ಜಿಯ ಕಾಲದ ಅಂತಹ ಸೀರೆಯೊಂದು ಮನೆಯಲ್ಲಿದ್ದು, ಅದರ ಜರಿ ಅಸಲಿಯಾಗಿದ್ದರೆ, ಅದರಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಮೊದಲು ತಿಳಿದವರಿಗೆ ತೋರಿಸಿ, ಆಮೇಲೆ ಕತ್ತರಿಸುವುದೋ ಬೇಡವೋ ನಿರ್ಧರಿಸಬೇಕು. ಕತ್ತರಿಸುವುದೇ ಆದರೆ ಮಡಿಕೆ ಬಿದ್ದ ಗೆರೆಗಳನ್ನು ತಪ್ಪಿಸಬೇಕು, ಏಕೆಂದರೆ ಹಳೆಯ ರೇಷ್ಮೆ ಸೀಳುವುದು ಮಡಿಕೆಯ ಗೆರೆಯಲ್ಲೇ. ಪ್ರತಿ ತುಂಡಿನ ಹಿಂದೆ ತೆಳು ಹತ್ತಿ ಬಟ್ಟೆಯ ಲೈನಿಂಗನ್ನು ಕಚ್ಚಾ ಹೊಲಿಗೆಯಿಂದ ಜೋಡಿಸಿ, ಎರಡನ್ನೂ ಒಂದೇ ಬಟ್ಟೆಯೆಂಬಂತೆ ಬಳಸಿದರೆ ಬರೀ ರೇಷ್ಮೆಗಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ.

ಗುಳೇದಗುಡ್ಡದ ಖಣ ದಿಂಬಿಗೆ ಹೇಳಿ ಮಾಡಿಸಿದಂತಿರುತ್ತದೆ. ಎರಡೂ ಬದಿಗೆ ಅಂಚಿರುವ ಆ ಬಟ್ಟೆಯನ್ನು ಎದುರು ತುಂಡಿಗೆ ಮಾತ್ರ ಬಳಸಿ, ಅಂಚು ದಿಂಬಿನ ಒಂದು ಬದಿಗೆ ಬರುವಂತೆ ಕೂರಿಸಬೇಕು. ಹೂವೋ ಬುಟ್ಟಾವೋ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನೋಡದೆ ಕತ್ತರಿಸಿದರೆ, ನಾಲ್ಕು ದಿಂಬುಗಳಲ್ಲಿ ಒಂದು ತಲೆಕೆಳಗಾಗಿ ನಿಂತು ಬಂದವರ ಕಣ್ಣಿಗೆಲ್ಲ ಅದೇ ಬೀಳುತ್ತದೆ.

ಚಳ್ಳಕೆರೆಯ ಕಡೆಯ ಕರಿ ಕಂಬಳಿಯಿಂದಲೂ ಗವಸು ಮಾಡಬಹುದು. ಬಿಳಿ ಗೋಡೆಯ ಮುಂದೆ ಕರಿ ಕಂಬಳಿಯ ದಿಂಬಿನಷ್ಟು ಗಂಭೀರವಾಗಿ ಕಾಣುವುದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಎರಡು ಎಚ್ಚರಿಕೆಗಳಿವೆ. ಕಂಬಳಿ ನೇಯುವಾಗ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಕೊಡುವುದರಿಂದ ಹೊಸ ಕಂಬಳಿ ಒರಟಾಗಿರುತ್ತದೆ. ಒಮ್ಮೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿದರೆ ಮೆದುವಾಗುತ್ತದೆ. ಎರಡನೆಯದು, ಕತ್ತರಿ ತಾಗಿದೊಡನೆ ಅದರ ಎಳೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲು ಗೆರೆ ಎಳೆದು, ಗೆರೆಯ ಎರಡೂ ಪಕ್ಕಕ್ಕೆ ಒಂದೊಂದು ಸಾಲು ಹೊಲಿಗೆ ಹಾಕಿ, ಆ ಎರಡು ಸಾಲುಗಳ ನಡುವೆ ಕತ್ತರಿಸಬೇಕು.

ಆರಿಸಿದ ಬಟ್ಟೆ ಯಾವುದೇ ಆಗಿರಲಿ, ಹತ್ತಿಯದಾದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ; ಹೊಲಿದ ಮೇಲೆ ಅರ್ಧ ಇಂಚು ಕುಗ್ಗಿದರೂ ಗವಸಿನೊಳಗೆ ದಿಂಬು ಹೋಗುವುದು ಕಷ್ಟವಾಗುತ್ತದೆ. ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡನ್ನು ಅದರ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಬೇಕು. ಕಡುಗೆಂಪು ಮತ್ತು ಕಡುನೀಲಿಯ ರವಿಕೆ ಕಣಗಳನ್ನು ನಾನು ಈಗ ಈ ಪರೀಕ್ಷೆಯಿಲ್ಲದೆ ನಂಬುವುದಿಲ್ಲ. ಒಂದು ಲೋಟ ನೀರು ಚೆಲ್ಲಿದ ನೆಪಕ್ಕೆ ನಮ್ಮ ಬಿಳಿ ದಿವಾನ್ ಹಾಸಿನ ಮೇಲೆ ಬಿದ್ದ ಕುಂಕುಮ ಬಣ್ಣದ ಚೌಕ ಇಂದಿಗೂ ಹೋಗಿಲ್ಲ.

ಒಳಗೆ ಏನು ತುಂಬಬೇಕು

ಈ ಕೆಲಸದ ಜೀವಾಳ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿಯ ಮಾತು ಮೊದಲು ಬರುವುದು ಸಹಜ. ಮನೆಯಲ್ಲಿ ಚಪ್ಪಟೆಯಾಗಿ ಬಿದ್ದಿರುವ ಹಳೆಯ ಗಾದಿಯೊಂದಿದ್ದರೆ ಅದಕ್ಕಿಂತ ಅಗ್ಗದ ಸಾಮಗ್ರಿ ಇನ್ನೊಂದಿಲ್ಲ. ಅದನ್ನು ಬಿಚ್ಚಿ, ಗಂಟಾದ ಹತ್ತಿಯನ್ನು ಗಾದಿ ಮಾಡುವವರಲ್ಲಿಗೆ ಒಯ್ದರೆ ಅವರು ಯಂತ್ರಕ್ಕೆ ಹಾಕಿ ಹಿಂಜಿ ಕೊಡುತ್ತಾರೆ. ಹಿಂದೆ ಪಿಂಜಾರರು ಬಿಲ್ಲಿನ ಹೆದೆ ಮೀಟಿ ಅಂಗಳದಲ್ಲೇ ಮಾಡಿಕೊಡುತ್ತಿದ್ದ ಕೆಲಸ ಇದು. ಹಿಂಜುವಾಗ ಧೂಳೂ ಮುರಿದ ಎಳೆಯೂ ಹೋಗುವುದರಿಂದ ಕೊಟ್ಟಷ್ಟೇ ತೂಕ ಮರಳಿ ಬರುವುದಿಲ್ಲ. ಮುಗ್ಗಲು ವಾಸನೆ ಹಿಡಿದ ಅಥವಾ ಕಪ್ಪು ಕಲೆ ಬಿದ್ದ ಹತ್ತಿಯನ್ನು ಮಾತ್ರ ಕಳಿಸಬಾರದು. ಹಿಂಜಿದರೂ ಆ ವಾಸನೆ ಹೋಗುವುದಿಲ್ಲ. 16 ಇಂಚಿನ ದಿಂಬಿಗೆ ನನಗೆ ಸುಮಾರು ಮುಕ್ಕಾಲು ಕಿಲೋ ಹತ್ತಿ ಹಿಡಿಯುತ್ತದೆ. ಹತ್ತಿಯ ದಿಂಬು ಭಾರವಾಗಿದ್ದು ಇಟ್ಟಲ್ಲೇ ಕೂರುತ್ತದೆ, ಬೇಸಿಗೆಯಲ್ಲಿ ಬೆನ್ನಿಗೆ ಬಿಸಿ ಮಾಡುವುದಿಲ್ಲ. ಆದರೆ ಒರಗಿ ಒರಗಿ ಚಪ್ಪಟೆಯಾಗುತ್ತದೆ, ಒಗೆಯಲು ಬರುವುದಿಲ್ಲ.

ಬೂರುಗದ ಹತ್ತಿ ಬೇರೆಯ ಜಾತಿ. ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದಾಗ ಹೊರಬರುವ ಈ ನಯವಾದ ಎಳೆಯ ಮೇಲೆ ಮೇಣದಂತಹ ಪದರವಿರುವುದರಿಂದ ಅದು ನೀರನ್ನು ಬೇಗ ಹೀರುವುದಿಲ್ಲ, ಒಳಗೆ ಟೊಳ್ಳಾಗಿರುವುದರಿಂದ ತುಂಬ ಹಗುರ. ಊರ ಕಡೆ ಮರವಿರುವವರು ಕಾಯಿ ಒಡೆದು ಗಾಳಿಗೆ ಹಾರುವ ಮೊದಲೇ ತಂದು, ಬೀಜ ಬಿಡಿಸಿ ಇಟ್ಟುಕೊಳ್ಳಬಹುದು. ಆದರೆ ಈ ಎಳೆ ಸಡಿಲ ನೇಯ್ಗೆಯ ಬಟ್ಟೆಯಿಂದ ನುಸುಳಿ ಹೊರಬರುತ್ತದೆ, ಮೂಗು ಗಂಟಲಿಗೆ ಹೋಗುತ್ತದೆ. ತುಂಬುವಾಗ ಫ್ಯಾನ್ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒತ್ತು ನೇಯ್ಗೆಯ ಚೀಲಕ್ಕೇ ತುಂಬಬೇಕು. ಇದಕ್ಕೆ ಬೆಂಕಿಯೂ ಬೇಗ ತಾಗುವುದರಿಂದ ಇಂತಹ ದಿಂಬನ್ನು ದೇವರ ದೀಪದ ಹತ್ತಿರದ ಜಗಲಿಗೆ ಇಡಬಾರದು.

ಇವೆರಡೂ ಇಲ್ಲದವರಿಗೆ, ಮತ್ತು ಮಕ್ಕಳಿರುವ ಮನೆಗೆ, ಪಾಲಿಯೆಸ್ಟರ್ ಫೈಬರೇ ಸರಿ. 16 ಇಂಚಿನ ದಿಂಬಿಗೆ 400 ಗ್ರಾಂ ಸಾಕು, ಒಗೆಯಬಹುದು, ಬೇಗ ಒಣಗುತ್ತದೆ. ಕೊಳ್ಳುವಾಗ ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿ ಬಿಡಬೇಕು: ಒಳ್ಳೆಯ ಫೈಬರ್ ಉಸಿರು ಎಳೆದುಕೊಂಡಂತೆ ಮೇಲೆದ್ದು ಬರುತ್ತದೆ, ಬೆರಳಿಗೆ ನುಣುಪಾಗಿರುತ್ತದೆ, ಕೆಟ್ಟದ್ದು ಒತ್ತಿದ ಆಕಾರದಲ್ಲೇ ಉಂಡೆಯಾಗಿ ಉಳಿಯುತ್ತದೆ. ಒಮ್ಮೆ ಈ ಪರೀಕ್ಷೆ ಮಾಡದೆ, ಕಟ್ಟಿಟ್ಟ ಪೊಟ್ಟಣವನ್ನು ಹಾಗೆಯೇ ತಂದು ಮನೆಯಲ್ಲಿ ಬಿಚ್ಚಿದಾಗ, ಮೇಲೆ ಒಂದು ಪದರ ಬೆಳ್ಳಗಿದ್ದು ಒಳಗೆಲ್ಲ ಬೂದು ಬಣ್ಣದ, ದಾರದ ತುಂಡುಗಳು ಬೆರೆತ ಕಸ ಸಿಕ್ಕಿತು. ಅಂದಿನಿಂದ ನಾನು ಪೊಟ್ಟಣ ಕೊಳ್ಳುವುದಿಲ್ಲ, ಚೀಲದಿಂದ ತೂಗಿಸಿಕೊಳ್ಳುತ್ತೇನೆ. ದಾವಣಗೆರೆಯವರಾದರೆ ಮಂಡಿಪೇಟೆ, ಚೌಕಿಪೇಟೆಯ ಆಸುಪಾಸಿನಲ್ಲಿ, ಚಿತ್ರದುರ್ಗದವರಾದರೆ ಸಂತೆಪೇಟೆ, ಲಕ್ಷ್ಮೀಬಜಾರಿನ ಕಡೆ ಎರಡು ಮೂರು ಅಂಗಡಿ ಹತ್ತಿ ಇಳಿದು, ಕೈಯಲ್ಲಿ ಒತ್ತಿ ನೋಡಿಯೇ ಕೊಳ್ಳಬೇಕು.

ಫೋಮಿನ ಚೂರುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಗ್ಗವೇನೋ ಹೌದು; ಆದರೆ ಮೇಲಿನಿಂದ ನೋಡಿದರೆ ದಿಂಬಿನೊಳಗೆ ಗಜ್ಜುಗ ತುಂಬಿದಂತೆ ಕಾಣುತ್ತದೆ, ಎರಡು ವರ್ಷಕ್ಕೆ ಪುಡಿಯಾಗಿ ಉದುರುತ್ತದೆ. ದರ್ಜಿಯ ಅಂಗಡಿಯ ಬಟ್ಟೆ ಚೂರುಗಳನ್ನು ಸಣ್ಣಗೆ ಕತ್ತರಿಸಿ ಹತ್ತಿಯ ನಡುವೆ ಸೇರಿಸುವುದುಂಟು. ಕಾಲು ಪಾಲಿಗಿಂತ ಹೆಚ್ಚಾದರೆ ದಿಂಬು ಕಲ್ಲಾಗುತ್ತದೆ.

ಒಳಚೀಲ ಹೊಲಿದು ತುಂಬುವುದು

ಹಳೆಯ ಬೆಡ್‌ಶೀಟಿನ ಸವೆಯದ ಭಾಗದಿಂದ 18 ಇಂಚಿನ ಎರಡು ಚೌಕ ಕತ್ತರಿಸಿಕೊಳ್ಳಿ. ಹೊಲಿದ ಮೇಲೆ ಇದು 17 ಇಂಚಾಗುತ್ತದೆ; ಮೇಲಿನ ಗವಸು 16 ಇಂಚಿನದು. ಒಳಗಿನದು ಹೊರಗಿನದಕ್ಕಿಂತ ಒಂದು ಇಂಚು ದೊಡ್ಡದಿರಬೇಕು ಎಂಬ ಈ ಒಂದು ಸಂಗತಿಯಿಂದಲೇ ಗವಸು ಸುಕ್ಕಿಲ್ಲದೆ ಬಿಗಿಯಾಗಿ ನಿಲ್ಲುತ್ತದೆ. ಎರಡನ್ನೂ ಒಂದೇ ಅಳತೆಗೆ ಹೊಲಿದವರ ದಿಂಬು, ಅಣ್ಣನ ಅಂಗಿ ತೊಟ್ಟ ತಮ್ಮನಂತೆ, ಮೂಲೆಗಳಲ್ಲಿ ಜೋತು ಬೀಳುತ್ತದೆ.

ಎರಡೂ ಚೌಕಗಳನ್ನು ಒಳಮುಖ ಹೊರಗೆ ಬರುವಂತೆ ಜೋಡಿಸಿ, ಅರ್ಧ ಇಂಚು ಅಂಚು ಬಿಟ್ಟು ಸುತ್ತಲೂ ಹೊಲಿಯಬೇಕು. ಒಂದು ಬದಿಯ ನಡುವೆ ನಿಮ್ಮ ಕೈ ಹೋಗುವಷ್ಟು, ಅಂದರೆ ಆರು ಇಂಚಿನಷ್ಟು, ಬಾಯಿ ಬಿಟ್ಟು, ಹೊಲಿದಾದ ಮೇಲೆ ಆ ಬಾಯಿಯಿಂದ ಚೀಲವನ್ನು ತಿರುಗಿಸಿಕೊಳ್ಳಬೇಕು. ಹೊಲಿಗೆ ಯಂತ್ರವಿದ್ದರೆ ಹತ್ತಿ ಬಟ್ಟೆಗೆ 14ನೇ ನಂಬರಿನ ಸೂಜಿ, ಕಂಬಳಿಯಂತಹ ದಪ್ಪ ಬಟ್ಟೆಗೆ 18ನೇ ನಂಬರಿನದು ಹೊಂದುತ್ತದೆ. ಯಂತ್ರವಿಲ್ಲದವರು ಹೆದರಬೇಕಾಗಿಲ್ಲ, ಜೋಡಿ ದಾರ ಪೋಣಿಸಿ, ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆಯಲ್ಲಿ ಒಂದು ಸಂಜೆಗೆ ಒಂದು ಚೀಲ ಮುಗಿಯುತ್ತದೆ, ಯಂತ್ರದಷ್ಟೇ ಗಟ್ಟಿಯಾಗಿರುತ್ತದೆ.

ತುಂಬುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಅರಳೆಯನ್ನಾಗಲಿ ಫೈಬರನ್ನಾಗಲಿ ಹಿಡಿಹಿಡಿಯಾಗಿ ಮುಷ್ಟಿಯಲ್ಲಿ ತುರುಕಿದರೆ ಪ್ರತಿ ಮುಷ್ಟಿಯೂ ಒಂದೊಂದು ಗಂಟಾಗಿ ಒಳಗೇ ಉಳಿಯುತ್ತದೆ. ಒಂದಿಷ್ಟನ್ನು ತೆಗೆದುಕೊಂಡು, ಎರಡೂ ಕೈಗಳ ಬೆರಳ ತುದಿಯಿಂದ ಹೊರಕ್ಕೆ ಎಳೆಯುತ್ತ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಸಡಿಲವಾಗುವವರೆಗೆ ಬಿಡಿಸಬೇಕು. ಬಿಡಿಸಿದ್ದನ್ನು ಅಗಲವಾದ ಬುಟ್ಟಿಯಲ್ಲಿ ಗುಡ್ಡೆ ಹಾಕುತ್ತ ಹೋದರೆ 400 ಗ್ರಾಂ ಫೈಬರ್ ಬುಟ್ಟಿ ಮೀರಿ ನೆಲಕ್ಕೆ ಇಳಿಯುತ್ತದೆ. ಮೊದಲು ಬಾಯಿಗೆ ಎದುರಿನ ಎರಡು ಮೂಲೆಗಳಿಗೆ, ಅಲ್ಲಿ ಬೆರಳು ಒತ್ತಿದರೆ ಗಟ್ಟಿ ತಾಗುವಂತೆ ತುಂಬಬೇಕು. ಆಮೇಲೆ ಮೂರು ಬದಿಗಳ ಉದ್ದಕ್ಕೆ, ಕೊನೆಗೆ ನಡುಭಾಗಕ್ಕೆ ದೊಡ್ಡ ದೊಡ್ಡ ಪದರಗಳಾಗಿ ಹಾಸಬೇಕು. ಬಾಯಿಯ ಪಕ್ಕದ ಎರಡು ಮೂಲೆಗಳು ಯಾವಾಗಲೂ ಮರೆತು ಹೋಗುವಂಥವು; ಮುಚ್ಚುವ ಮುನ್ನ ಅವನ್ನು ಒಮ್ಮೆ ಮುಟ್ಟಿ ನೋಡಿ. ಬಾಯಿಗೆ ನಾಲ್ಕು ಪಿನ್ನು ಹಾಕಿ, ದಿಂಬನ್ನು ಬೆನ್ನಿಗಿಟ್ಟು ಹತ್ತು ನಿಮಿಷ ಕೂತು ನೋಡಿದ ಮೇಲೆ, ಬೇಕಾದರೆ ಇನ್ನೊಂದು ಹಿಡಿ ಸೇರಿಸಿ, ಕೈಹೊಲಿಗೆಯಿಂದ ಬಾಯಿ ಮುಚ್ಚಬಹುದು.

ಗವಸು ಹೊಲಿಯುವುದು

ಜಿಪ್ಪಿನ ಖರ್ಚೂ ತಲೆನೋವೂ ಇಲ್ಲದ ಸುಲಭ ವಿಧಾನವೆಂದರೆ ಹಿಂಬದಿಯಲ್ಲಿ ಎರಡು ತುಂಡುಗಳು ಒಂದರ ಮೇಲೊಂದು ಬರುವಂತೆ ಹೊಲಿಯುವುದು. ತಲೆದಿಂಬಿನ ಗವಸಿನ ಒಳಮಡಿಕೆಯನ್ನು ನೋಡಿದವರಿಗೆ ಇದರ ರೀತಿ ಕೂಡಲೇ ಹೊಳೆಯುತ್ತದೆ. ಹಿಂಬದಿಯ 12 ಇಂಚಿನ ಎರಡೂ ತುಂಡುಗಳಲ್ಲಿ 17 ಇಂಚಿನ ಒಂದು ಬದಿಯನ್ನು ಅರ್ಧ ಇಂಚು ಮಡಿಸಿ, ಮತ್ತೆ ಅರ್ಧ ಇಂಚು ಮಡಿಸಿ, ಇಸ್ತ್ರಿ ಒತ್ತಿ ಹೊಲಿಯಬೇಕು. ಆಗ ಪ್ರತಿಯೊಂದೂ 11 ಇಂಚು ಉಳಿಯುತ್ತದೆ. ಎದುರು ತುಂಡನ್ನು ಮುಖ ಮೇಲಾಗಿ ಹಾಸಿ, ಅದರ ಮೇಲೆ ಹಿಂಬದಿಯ ತುಂಡುಗಳನ್ನು ಮುಖ ಕೆಳಗಾಗಿ, ಮಡಿಸಿದ ಅಂಚುಗಳು ನಡುವಿಗೆ ಬರುವಂತೆ ಇಟ್ಟರೆ ನಡುವೆ ಐದು ಇಂಚು ಒಂದರ ಮೇಲೊಂದು ಬೀಳುತ್ತದೆ. ಇದಕ್ಕಿಂತ ಕಡಿಮೆ ಮಾಡಿ ಬಟ್ಟೆ ಉಳಿಸಲು ಹೋದರೆ ದಿಂಬು ಉಬ್ಬಿದಾಗ ಆ ಬಾಯಿ ತೆರೆದು ಒಳಗಿನ ಬೆಡ್‌ಶೀಟು ಇಣುಕುತ್ತದೆ.

ಈಗ ಮೂಲೆಗಳ ವಿಷಯ. ನಾಲ್ಕು ಮೂಲೆಗಳನ್ನೂ ನೇರ ಲಂಬಕೋನಕ್ಕೆ ಹೊಲಿದರೆ, ದಿಂಬು ತುಂಬಿ ನಡುವೆ ಉಬ್ಬಿದಾಗ ಬದಿಗಳು ಒಳಕ್ಕೆ ಬಾಗಿ, ಮೂಲೆಗಳು ಮಾತ್ರ ಚೂಪಾಗಿ ಹೊರಗೆ ಚಾಚಿಕೊಂಡು ಖಾಲಿ ಉಳಿಯುತ್ತವೆ. ಅಂಗಡಿಯ ದಿಂಬಿಗೂ ಮನೆಯ ದಿಂಬಿಗೂ ದೂರದಿಂದಲೇ ಗೊತ್ತಾಗುವ ವ್ಯತ್ಯಾಸ ಇದು. ಇದನ್ನು ತಪ್ಪಿಸಲು ಪ್ರತಿ ಮೂಲೆಯಿಂದ ಬದಿಯ ಉದ್ದಕ್ಕೆ ನಾಲ್ಕು ಇಂಚು ದೂರದಲ್ಲಿ ಒಂದು ಚುಕ್ಕೆ ಇಡಿ. ಮೂಲೆಯಿಂದ ಒಳಕ್ಕೆ ಅರ್ಧ ಇಂಚಿನಲ್ಲಿ ಇನ್ನೊಂದು ಚುಕ್ಕೆ ಇಡಿ. ಎರಡನ್ನೂ ಸೀಮೆಸುಣ್ಣದ ಓರೆ ಗೆರೆಯಿಂದ ಸೇರಿಸಿ, ಎರಡೂ ಬದಿಗೆ ಹೀಗೆಯೇ ಮಾಡಿ, ಆ ಗೆರೆಯ ಮೇಲೆ ಬಟ್ಟೆಯನ್ನು ಕತ್ತರಿಸಿ. ಕತ್ತರಿಸಿದ ಮೇಲೆ ಚೌಕ ಸ್ವಲ್ಪ ಹೊಟ್ಟೆ ಬಂದಂತೆ ಕಾಣುತ್ತದೆ, ಏನೋ ತಪ್ಪಾಯಿತೆನಿಸುತ್ತದೆ. ತುಂಬಿದ ಮೇಲೆ ಅದೇ ನೇರವಾಗಿ ಕಾಣುತ್ತದೆ.

ಬಳಿಕ ಅರ್ಧ ಇಂಚು ಬಿಟ್ಟು ಸುತ್ತಲೂ ಒಂದು ಹೊಲಿಗೆ ಹಾಕಿ, ಹಿಂಬದಿಯ ತುಂಡುಗಳು ಒಂದರ ಮೇಲೊಂದು ಬರುವ ಎರಡು ಕಡೆಗಳಲ್ಲಿ ಮುಂದೆ ಹಿಂದೆ ಮೂರು ಸಲ ಓಡಿಸಿ ಗಟ್ಟಿ ಮಾಡಬೇಕು, ಏಕೆಂದರೆ ದಿಂಬನ್ನು ತುರುಕುವಾಗ ಮೊದಲು ಹರಿಯುವುದು ಅಲ್ಲೇ. ಕಚ್ಚಾ ಅಂಚುಗಳಿಗೆ ಪಕ್ಕದ ದರ್ಜಿಯ ಬಳಿ ಓವರ್‌ಲಾಕ್ ಹಾಕಿಸಿಕೊಳ್ಳಬಹುದು, ಇಲ್ಲವೇ ಕೈಯಲ್ಲಿ ಸುತ್ತುಹೊಲಿಗೆ ಹಾಕಬಹುದು. ಗವಸನ್ನು ತಿರುಗಿಸಿದ ಮೇಲೆ ಮೂಲೆಗಳನ್ನು ಹೊರಕ್ಕೆ ತಳ್ಳಲು ಕತ್ತರಿಯ ತುದಿಯನ್ನು ಬಳಸುವವರೇ ಹೆಚ್ಚು. ಒಮ್ಮೆ ತೂತು ಬಿದ್ದರೆ ಅಷ್ಟೂ ಶ್ರಮ ಹಾಳು. ಮರದ ಸೌಟಿನ ಹಿಡಿ ಸಾಕು.

ಉದ್ದನೆಯ ಲೋಡು ಬೇಕೆನ್ನುವವರು ಲೆಕ್ಕವನ್ನು ಹೀಗೆ ಬದಲಿಸಿಕೊಳ್ಳಬೇಕು: 8 ಇಂಚು ದಪ್ಪದ ಲೋಡಿಗೆ ಸುತ್ತಳತೆ 25 ಇಂಚಿಗೆ ಸ್ವಲ್ಪ ಹೆಚ್ಚು ಬರುವುದರಿಂದ ಬಟ್ಟೆ 26 ಇಂಚಿನದಿರಲಿ, ಉದ್ದಕ್ಕೆ ಎರಡೂ ತುದಿಗಳಲ್ಲಿ ಆರಾರು ಇಂಚು ಹೆಚ್ಚಿರಲಿ, ತುದಿಗಳಲ್ಲಿ ಲಾಡಿ ಪೋಣಿಸಿ ಎಳೆದು ಕಟ್ಟಿದರೆ ಮುಗಿಯಿತು.

ಅಲಂಕಾರ ಎಷ್ಟು ಬೇಕೋ ಅಷ್ಟು

ಕೌದಿ ಹೊಲಿಯುವ ಹೆಣ್ಣುಮಕ್ಕಳು ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಹೊರ ಅಂಚಿನಿಂದ ಆರಂಭಿಸಿ ಒಳಮುಖವಾಗಿ ಚೌಕದೊಳಗೆ ಚೌಕವಾಗಿ ದಾರ ಓಡಿಸುತ್ತಾರಲ್ಲ, ಅದೇ ಕ್ರಮವನ್ನು ದಿಂಬಿನ ಎದುರು ತುಂಡಿಗೆ ಬಳಸಿದರೆ ಪೈಸೆ ಖರ್ಚಿಲ್ಲದ ಅಲಂಕಾರವಾಗುತ್ತದೆ. ಗವಸು ಹೊಲಿಯುವ ಮೊದಲೇ ಈ ಕೆಲಸ ಮುಗಿಯಬೇಕು. ಎದುರು ತುಂಡನ್ನು 18 ಇಂಚಿಗೆ ಕತ್ತರಿಸಿ, ಅದರ ಕೆಳಗೆ ಹಳೆಯ ಪಂಚೆಯ ಒಂದು ಪದರವಿಟ್ಟು, ಅರ್ಧ ಇಂಚಿಗೊಂದು ಸಾಲಿನಂತೆ ದಪ್ಪ ದಾರವನ್ನು ಬಿಗಿ ಎಳೆಯದೆ ಓಡಿಸಬೇಕು. ಹೊಲಿಗೆಯಿಂದ ಬಟ್ಟೆ ಸ್ವಲ್ಪ ಎಳೆದುಕೊಳ್ಳುವುದರಿಂದಲೇ ಆ ಒಂದು ಇಂಚು ಹೆಚ್ಚಿಗೆ ಬೇಕು. ಮುಗಿದ ಮೇಲೆ 17 ಇಂಚಿಗೆ ಸಮ ಮಾಡಿಕೊಳ್ಳಬಹುದು.

ಸೀರೆಯ ಅಂಚನ್ನು ಬಿಡಿಸಿ ಬಣ್ಣದ ಸಾದಾ ಬಟ್ಟೆಯ ನಡುವೆ ಪಟ್ಟಿಯಾಗಿ ಕೂರಿಸುವುದು, ಸೀರೆಗೆ ಹಾಕುವಂತೆಯೇ ಮೂಲೆಗಳಿಗೆ ಕುಚ್ಚು ಕಟ್ಟುವುದು ಇವೂ ಚೆನ್ನ. ಲಂಬಾಣಿ ಕಸೂತಿಯ ತುಂಡು ದೊರೆತವರು ಅದನ್ನು ಒರಗುವ ದಿಂಬಿಗೆ ಹಾಕದೆ, ನೋಡಲೆಂದೇ ಇಡುವ ದಿಂಬಿಗೆ ಹಾಕಬೇಕು. ಕನ್ನಡಿ ಚೂರು ಬೆನ್ನಿಗೆ ಒತ್ತುತ್ತದೆ, ಯಂತ್ರದಲ್ಲಿ ಒಗೆದರೆ ಉದುರುತ್ತದೆ. ನಾಲ್ಕು ದಿಂಬಿನ ಸಾಲಿನಲ್ಲಿ ಇಂಥದ್ದು ಒಂದೇ ಸಾಕು, ಉಳಿದ ಮೂರು ಸಾದಾ ಇರಲಿ ಎಂಬುದು ನನ್ನ ರುಚಿ.

ಖರ್ಚು ಮತ್ತು ನಿರ್ವಹಣೆ

ಹೋದ ಸಲ ನಾನು ನಾಲ್ಕು ದಿಂಬು ಹೊಲಿದಾಗ ಕೊಂಡದ್ದು ಮೂರೇ: 1 ಕಿಲೋ 600 ಗ್ರಾಂ ಫೈಬರ್, ಎರಡು ರೀಲು ದಾರ, ಓವರ್‌ಲಾಕಿನ ಕೂಲಿ. ಎಲ್ಲ ಸೇರಿ ನಾನೂರು ರೂಪಾಯಿಯೊಳಗೆ ಮುಗಿಯಿತು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಫೈಬರಿಗೇ ಹೋಯಿತು, ಹೋಗಬೇಕಾದದ್ದೂ ಹಾಗೆಯೇ.

ಗವಸನ್ನು ಒಳಮುಖ ಹೊರಗೆ ತಿರುಗಿಸಿ ಒಗೆದು ನೆರಳಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆ. ಫೈಬರಿನ ದಿಂಬನ್ನು ವರ್ಷಕ್ಕೆರಡು ಸಲ ಒಗೆಯಬಹುದು. ಒಣಗುವಾಗ ಆಗಾಗ ಕೊಡವಬೇಕು, ಇಲ್ಲವಾದರೆ ಒಂದು ಮೂಲೆಗೆ ಇಳಿದು ಕೂರುತ್ತದೆ. ಹತ್ತಿಯ ದಿಂಬಿಗೆ ನೀರು ತಾಗಿಸಬಾರದು, ಬಿಸಿಲು ತಾಗಿಸಬೇಕು. ನಮ್ಮ ಕಡೆ ಬಿಸಿಲಿಗೆ ಕೊರತೆಯಿಲ್ಲ. ತಿಂಗಳಿಗೊಮ್ಮೆ ಗವಸು ಬಿಚ್ಚಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾಳಿಗೆಯ ಮೇಲೆ ಚಾಪೆ ಹಾಸಿ ಒಣಗಿಸಿ, ನಡುವೆ ಒಮ್ಮೆ ಮಗುಚಿ ಹಾಕಿ, ಒಳಗೆ ತರುವ ಮುನ್ನ ಬೆತ್ತದಿಂದ ಮೆಲ್ಲಗೆ ಬಡಿದರೆ ಹೀರಿದ್ದ ತೇವ ಆರಿ ಅರಳೆ ಮತ್ತೆ ಉಬ್ಬುತ್ತದೆ. ಕಂಬಳಿಯ ಗವಸನ್ನು ಮಳೆಗಾಲದಲ್ಲಿ ತೆಗೆದಿಡುವಾಗ ಮಡಿಕೆಗಳ ನಡುವೆ ಒಣ ಬೇವಿನ ಎಲೆ ಹಾಕಿಡಿ. ಎರಡು ಮೂರು ವರ್ಷಕ್ಕೆ ಹತ್ತಿ ತೀರ ಚಪ್ಪಟೆಯಾದಾಗ ಒಳಚೀಲದ ಬಾಯಿ ಹೊಲಿಗೆಯನ್ನಷ್ಟೇ ಬಿಚ್ಚಿ ಮತ್ತೊಮ್ಮೆ ಹಿಂಜಿಸಿದರೆ ಅದೇ ಚೀಲಕ್ಕೆ ತಿರುಗಿ ತುಂಬಬಹುದು. ಆ ಬಾಯಿಯನ್ನು ಯಂತ್ರದಲ್ಲಿ ಹೊಲಿಯದೆ ಕೈಯಲ್ಲಿ ಮುಚ್ಚಲು ಹೇಳಿದ್ದು ಇದಕ್ಕಾಗಿಯೇ.